ಅವನು ಅಂಥವನಲ್ಲ

ಓದಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಅಂಗಿ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ. ಕೆಳಗಡೆ ಯಂತ್ರಗಳು ದಡದಡ ಎಂದು ಅಂಗಿ ಹೊಲಿಯುತ್ತಿದ್ದವು. ಹೊಲಿದದ್ದು ಮೂಟೆಯಾಗಿ ಮೆಟ್ಟಿಲು ಹತ್ತಿ ಬಂದರೆ, ಮೇಲೆ ಹೆಂಗಸರು ಸಾಲಾಗಿ ಕೂತು ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಇಸ್ತ್ರಿ ಹೊಡೆದು ಮಡಿಸುವುದು. ಗುಂಡಿ ತೂರುವ ಸಣ್ಣ ಸೀಳಿದೆಯಲ್ಲ, ಅದರ ಬಾಯಿ ಬಿಚ್ಚಿಕೊಳ್ಳದ ಹಾಗೆ ಸುತ್ತ ದಾರದ ಅಂಚು ಕಟ್ಟುವುದೇ ಕಾಜಾ. ಓದಕ್ಕನೂ ಅವಳ ತಂಗಿಯೂ ಆ ಕೆಲಸದವರು. ಕೋಣೆಯ ಬೆಳಕೆಲ್ಲ ಬೀಳುವ ಮೂಲೆಯಲ್ಲಿ ಕಟಿಂಗ್ ಮಾಸ್ಟರನ ಉದ್ದನೆಯ ಮೇಜು.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಒಬ್ಬಳು ಸೂಜಿ ಕೆಳಗಿಟ್ಟು ಪುಸ್ತಕ ಓದಬೇಕು. ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡು ಮುಗಿಸಬೇಕು. ಇದನ್ನು ಶುರು ಮಾಡಿದವರು ಯಾರೋ, ಯಾವ ಕಾಲದವರೋ. ಯಜಮಾನನಿಗೆ ಸಂಜೆ ಅಂಗಿಗಳು ಸರಿಯಾಗಿ ಸಿಕ್ಕರೆ ಸಾಕು, ಯಾವ ಕೈ ಮಾಡಿತು ಎಂದು ಅವನು ಕೇಳುವವನಲ್ಲ. ಹೆಂಗಸರಿಗೂ ಕಣ್ಣು ತೂಗುವ ಹೊತ್ತು ಅದು. ಕಿವಿಗೊಂದು ಕೆಲಸ ಸಿಕ್ಕಿದರೆ ಬೆರಳು ಎಚ್ಚರವಾಗಿರುತ್ತಿತ್ತು. ಸರಾಗವಾಗಿ ಓದಲು ಬರುತ್ತಿದ್ದದ್ದು ಏಳನೆಯ ತರಗತಿ ದಾಟಿದ್ದ ಇವಳೊಬ್ಬಳಿಗೇ. ಉಳಿದವರು ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ತಂಗಿಗೆ ಅಕ್ಷರ ಬಾರದೆ ಹೋದದ್ದು ಅವಳ ತಪ್ಪಲ್ಲ. ಅವಳು ಶಾಲೆಗೆ ಸೇರಬೇಕಾಗಿದ್ದ ವರ್ಷವೇ ತಾಯಿ ತೀರಿಕೊಂಡಳು. ತಂದೆ ಅದಕ್ಕೂ ಮೊದಲೇ ಹೋಗಿದ್ದ. ಅಕ್ಕ ಎಂದರೆ ಅವಳೂ ಲಂಗ ಹಾಕುವ ಹುಡುಗಿಯೇ. ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಬರಲಾರದೆ ಕೈ ಹಿಡಿದು ಕಾರ್ಖಾನೆಗೆ ಕರೆತಂದಳು. ಮಗು ಬಟ್ಟೆ ಮೂಟೆಗೆ ಒರಗಿಕೊಂಡು ಬೆಳೆಯಿತು, ಅಕ್ಷರಕ್ಕೆ ಮೊದಲು ಸೂಜಿ ಕಲಿಯಿತು. ಆಮೇಲೆ ಎಷ್ಟು ಸಲ ಸ್ಲೇಟು ಹಿಡಿದು ಕೂರಿಸಿದರೂ ತಂಗಿ ನಕ್ಕುಬಿಡುತ್ತಿದ್ದಳು. “ನನ್ನ ಕಣ್ಣು ಸೂಜಿಗೆ, ನಿನ್ನ ಕಣ್ಣು ಪುಸ್ತಕಕ್ಕೆ. ಒಂದು ಮನೇಲಿ ಇಬ್ರೂ ಯಾಕೆ ಕಣ್ಣು ಹಾಳು ಮಾಡ್ಕೋಬೇಕು ಅಕ್ಕ?” ಎನ್ನುತ್ತಿದ್ದಳು. ಅಕ್ಕ ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, “ನನಗೆ ಆಗಲೇ ಒಂದು ಮಗು ಇದೆಯಲ್ಲ” ಎಂದು ಮಾತು ಮುಗಿಸುತ್ತಿದ್ದಳು.

ಆ ಮಗು ಬೆಳೆದು ದೊಡ್ಡದಾಗಿ, ಕೆಳಗಿನ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಒಬ್ಬನಿಗೆ ಮನಸ್ಸು ಕೊಟ್ಟಿತು. ಚುರುಕು ಹುಡುಗ, ಬಾಯಿತುಂಬ ಮಾತು. ಬಿಚ್ಚಿದ ಯಂತ್ರವನ್ನು ಜೋಡಿಸುವಾಗಲೂ ಸೀಟಿ ಹೊಡೆಯುತ್ತಿದ್ದ. ದೊಡ್ಡ ಊರಿಗೆ ಹೋಗುತ್ತೇನೆ, ಇನ್ನೊಬ್ಬರ ಯಂತ್ರಕ್ಕೆ ಎಣ್ಣೆ ಬಿಡುವುದು ಸಾಕು, ನನ್ನದೇ ಅಂಗಡಿ ಇಟ್ಟು ನಾಲ್ಕು ಜನರ ಹಾಗೆ ಆಗಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ. ಮೊದಮೊದಲು ಆ ಊರಿನಿಂದ ಕಾರ್ಖಾನೆಗೆ ದಾರ ತರುತ್ತಿದ್ದ ಏಜೆಂಟನ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದ: ಚೆನ್ನಾಗಿದ್ದೇನೆ, ಕೆಲಸ ಸಿಕ್ಕಿದೆ. ಆಮೇಲೆ ಏಜೆಂಟನೂ “ಈ ಸಲ ಸಿಗಲಿಲ್ಲಮ್ಮ” ಎನ್ನತೊಡಗಿದ. ತಂಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ವರ್ಷಗಳು ಹೋದವು.

ಹಾಗೆ ಕಾಯುತ್ತಿದ್ದ ಕಾಲದಲ್ಲೇ ಆ ದಪ್ಪ ಕಾದಂಬರಿ ಕೋಣೆಗೆ ಬಂತು. ತಂದವನು ಕಟಿಂಗ್ ಮಾಸ್ಟರ್. ಅಂಗಿಯ ಅಳತೆಯ ನಮೂನೆಗಳನ್ನು ಕತ್ತರಿಸಲು ಅವನು ಹಳೆಯ ಕಾಗದದ ಕಟ್ಟು ಕೊಂಡು ತರುತ್ತಿದ್ದ. ಒಂದು ಕಟ್ಟಿನಲ್ಲಿ ರಟ್ಟು ಹರಿದ ಪುಸ್ತಕವೊಂದು ಇತ್ತು. ಕತ್ತರಿ ಹಾಕಲು ಮನಸ್ಸು ಬಾರದೆ ತಂದು ಓದಕ್ಕನ ಮುಂದಿಟ್ಟ. “ಬಹಳ ಹಳೇ ಪುಸ್ತಕ ಇರಬೇಕು ಅಕ್ಕ. ನಮ್ಮ ಅಜ್ಜನ ಕಾಲದವರೂ ಓದಿರ್ತಾರೆ. ನಿಮ್ಮ ತಂಗಿಗೆ ಕಥೆ ಅಂದ್ರೆ ಪ್ರಾಣ ಅಲ್ವಾ” ಎಂದು ಹೇಳಿ, ಹೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ಮತ್ತೆ ಕಿವಿಯ ಮೇಲೇ ಇಟ್ಟುಕೊಂಡು ಹೋದ.

ಕಾದಂಬರಿ ಸಿರಿವಂತಿಕೆಯದೂ ಪ್ರೀತಿಯದೂ. ದೀಪದ ಅಂಗಡಿಯಲ್ಲಿ ಗಾಜು ಒರೆಸುವ ಒಬ್ಬ ಬಡವ, ವಕೀಲರ ಮಗಳನ್ನು ಇಷ್ಟಪಡುತ್ತಾನೆ. ಅವಳಿಗೂ ಅವನೆಂದರೆ ಜೀವ. ವಕೀಲರು, ಮನೆ ಗಾಡಿ ಎಲ್ಲ ಮಾಡಿಕೊಂಡು ಬಾ, ಆಮೇಲೆ ಮಾತು ಎಂದು ಬಾಗಿಲು ಹಾಕುತ್ತಾರೆ. ಅವನು ಸಂಪಾದನೆಗೆ ಹಡಗು ಹತ್ತುತ್ತಾನೆ. ಅವಳು ಕಿಟಕಿಯ ಬಳಿ ಕೂತು ಕಾಯುತ್ತಾಳೆ. ಇಷ್ಟು ಓದುವಷ್ಟರಲ್ಲೇ ಕೋಣೆಯ ಹೆಂಗಸರೆಲ್ಲ ಒಮ್ಮೆ ತಂಗಿಯ ಕಡೆ ನೋಡಿದರು. ತಂಗಿ ತಲೆ ತಗ್ಗಿಸಿ ಕಾಜಾ ಹಾಕುತ್ತಿದ್ದಳು, ಆದರೆ ಕಿವಿ ಕೆಂಪಾಗಿತ್ತು.

ಓದಕ್ಕ ಪುಸ್ತಕವನ್ನು ಮುಂದಾಗಿ ನೋಡಿಟ್ಟುಕೊಳ್ಳುವವಳಲ್ಲ. ಎಲ್ಲರ ಜೊತೆಗೇ ತಾನೂ ಕಥೆ ಕೇಳುವ ಸುಖ ಅವಳಿಗೆ ಬೇಕಿತ್ತು. ಹಾಗಾಗಿ ಒಂದು ಮಧ್ಯಾಹ್ನ ಆ ಸಾಲು ಅವಳ ಕಣ್ಣಿಗೆ ಹಠಾತ್ತನೆ ಬಿತ್ತು. ಹೊಸ ಊರಿನಲ್ಲಿ ಅವನಿಗೆ ನಾಲ್ಕು ಕಾಸು ಕೂಡಿತು, ಆ ವರ್ಷ ಅವಳ ನೆನಪು ಅವನಿಗೆ ಒಂದು ದಿನವೂ ಬರಲಿಲ್ಲ ಎಂದಿತ್ತು ಅದರಲ್ಲಿ. ಓದಕ್ಕ “ಆ ವರ್ಷ” ಎನ್ನುವವರೆಗೆ ಓದಿ ತಲೆ ಎತ್ತಿದಳು. ತಂಗಿಯ ಸೂಜಿ ಬಟ್ಟೆಯೊಳಗೆ ಅರ್ಧಕ್ಕೆ ನಿಂತಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಚಿಕ್ಕಂದಿನಲ್ಲಿ ತುತ್ತಿಗೆ ತೆರೆಯುತ್ತಿದ್ದ ಹಾಗೆ.

“ಆ ವರ್ಷ,” ಎಂದು ಓದಕ್ಕ ಮತ್ತೆ ಓದಿದಳು, “ಅವಳ ನೆನಪು ಬಾರದ ದಿನವೇ ಅವನಿಗೆ ಇರಲಿಲ್ಲ.”

ತಂಗಿಯ ಸೂಜಿ ಆಚೆ ಬಂತು.

ಅಷ್ಟೇ ಸಾಕು ಎಂದುಕೊಂಡಿದ್ದಳು. ಆದರೆ ಒಂದು ಹೊಲಿಗೆ ತಪ್ಪಾಗಿ ಹಾಕಿದರೆ ಮುಂದಿನದನ್ನೂ ಅದಕ್ಕೆ ಹೊಂದಿಸಿಯೇ ಹಾಕಬೇಕಲ್ಲ. ಪುಸ್ತಕದವನು ದಿನದಿನಕ್ಕೆ ಬೇರೆಯವನಾಗುತ್ತ ಹೋದ: ಒಳ್ಳೆಯ ಕೋಟು, ಒಳ್ಳೆಯ ಊಟ, ದೊಡ್ಡವರ ಸಹವಾಸ. ಓದಕ್ಕನ ಬಾಯಲ್ಲಿ ಮಾತ್ರ ಅವನು ಹಾಗೇ ಉಳಿದ. ಪುಸ್ತಕದಲ್ಲಿ ಅವನು ಕುದುರೆ ಕೊಂಡ. ಓದಕ್ಕನ ಬಾಯಲ್ಲಿ ಆ ಹುಡುಗಿಗೆಂದು ಉಣ್ಣೆಯ ಶಾಲು ಕೊಂಡು, ನುಸಿ ಹಿಡಿಯದ ಹಾಗೆ ಮಡಿಸಿ ಪೆಟ್ಟಿಗೆಯ ತಳದಲ್ಲಿಟ್ಟ. ಪುಸ್ತಕದಲ್ಲಿ ಔತಣಕ್ಕೆ ಹೋದ. ಅವಳ ಬಾಯಲ್ಲಿ ಸಂಜೆ ಬೀದಿಯಲ್ಲಿ ನಡೆಯುವಾಗ ದೀಪ ಹಚ್ಚಿದ ಕಿಟಕಿ ಕಂಡರೆ ನಿಂತುಬಿಡುತ್ತಿದ್ದ. ಒಮ್ಮೆ ಅವನಿಗೆ ಜ್ವರವನ್ನೂ ಬರಿಸಿದಳು. ಜ್ವರದ ತಾಪದಲ್ಲಿ ಅವನು ಅವಳ ಹೆಸರನ್ನೇ ಕನವರಿಸಿದ.

“ನಮ್ಮ ಯಜಮಾನ್ರು ಜ್ವರದಲ್ಲಿ ಚಹಾ ಚಹಾ ಅಂತಿದ್ರು,” ಎಂದಳು ಗುಂಡಿ ಅಜ್ಜಿ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು, ತುಟಿಗಳ ನಡುವೆ ಗುಂಡಿಗಳನ್ನು ಸಾಲಾಗಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. “ನಾನು ಪಕ್ಕದಲ್ಲೇ ಕೂತಿದ್ದೆ. ಚಹಾ ತಂದುಕೊಟ್ಟರೆ ನನ್ನ ಮುಖ ನೋಡಿ ನೀನ್ಯಾರಮ್ಮ ಅಂದ್ರು.”

“ನಿಮ್ಮನ್ನ ಅಮ್ಮ ಅಂತಾದ್ರೂ ಅಂದ್ರಲ್ಲ ಅಜ್ಜಿ,” ಎಂದಳು ಇಸ್ತ್ರಿಯವಳು. “ನಮ್ಮವರು ಜ್ವರ ಇಲ್ಲದಾಗಲೂ ನನ್ನ ಹೆಸರು ಮರೀತಾರೆ. ಏ, ಇವಳೇ ಅಂತಾರೆ. ಆ ದೀಪದಂಗಡಿಯವನನ್ನ ನೋಡಿ ಕಲೀಬೇಕು.”

ಹೀಗೆ ದೀಪದಂಗಡಿಯವನು ಅವರ ಮನೆಯವನಾಗಿಬಿಟ್ಟ. ಸೂಜಿ ಆಡಿಸುತ್ತಲೇ ಅವನ ಗುಣವನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದರು. ಅವನಿಗೆ ಸಂಪಾದನೆಯ ಆಸೆ ಇದೆ, ಆದರೆ ದುರಾಸೆ ಇಲ್ಲ ಎಂದು ಒಬ್ಬಳು. ಅವನದು ಮಾತು ಕಡಿಮೆ, ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾತಿ ಎಂದು ಇನ್ನೊಬ್ಬಳು. ಸುದ್ದಿ ಯಾಕೆ ಕಳಿಸುವುದಿಲ್ಲ ಹಾಗಾದರೆ ಎಂದು ಇಸ್ತ್ರಿಯವಳು ಕೇಳಿದರೆ, ಎಂದೂ ಬಾಯಿ ಹಾಕದ ತಂಗಿ ಮೆಲ್ಲಗೆ ಹೇಳಿದಳು: “ಕೈಯಲ್ಲಿ ಏನಾದ್ರೂ ಆಗೋವರೆಗೆ ಯಾವ ಮುಖ ಇಟ್ಕೊಂಡು ಸುದ್ದಿ ಕಳಿಸ್ತಾರೆ? ಗಂಡಸರಿಗೆ ನಾಚಿಕೆ ಇರತ್ತೆ.”

ಓದಕ್ಕ ಪುಟ ತಿರುಗಿಸುವ ನೆಪದಲ್ಲಿ ಮುಖ ತಗ್ಗಿಸಿದಳು. ತಂಗಿಯ ಗಲ್ಲಕ್ಕೆ ಬಣ್ಣ ಬಂದಿತ್ತು. ಮನೆಯಲ್ಲಿ ಅನ್ನ ಸರಿಯಾಗಿ ಸೇರುತ್ತಿತ್ತು. ಪಾತ್ರೆ ತೊಳೆಯುವಾಗ ಹಾಡು ಗುನುಗುತ್ತಿದ್ದಳು. ಇದಕ್ಕಿಂತ ಇನ್ನೇನು ಬೇಕು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಪುಸ್ತಕದ ಒಂದು ಪುಟ ಅವಳ ಬಾಯಲ್ಲಿ ಒಂದು ವಾರ ನಡೆಯತೊಡಗಿತು.

ಹಾಗಿರುವಾಗ ಒಂದು ಸಂಜೆ ಮೆಟ್ಟಿಲ ತಿರುವಿನಲ್ಲಿ ಕಟಿಂಗ್ ಮಾಸ್ಟರ್ ಅವಳನ್ನು ನಿಲ್ಲಿಸಿದ.

“ಅಕ್ಕ, ಒಂದು ಮಾತು. ಸುತ್ತಿಬಳಸಿ ಹೇಳಕ್ಕೆ ನನಗೆ ಬರಲ್ಲ.”

“ಹೇಳಿ ಮಾಸ್ಟರ್.”

“ನಿಮ್ಮ ತಂಗೀನ ನಾನು ಮದುವೆ ಆಗಬಹುದಾ ಅಂತ ಕೇಳ್ಬೇಕಿತ್ತು. ಅವರು ಒಪ್ಪಿದ್ರೆ ಮಾತ್ರ. ನನಗೆ ಕುಡಿತ ಇಲ್ಲ, ಸಾಲ ಇಲ್ಲ, ಅಮ್ಮ ಒಬ್ಬರಿದ್ದಾರೆ, ಅವರಿಗೆ ಕಿವಿ ಕೇಳಿಸಲ್ಲ, ಜಗಳ ಬರಲ್ಲ.” ಹೇಳಿದವನು ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: “ಅವರು ಯಾರಿಗೋ ಕಾಯ್ತಿದ್ದಾರೆ ಅಂತ ಗೊತ್ತು. ನಾನೂ ಸುಮ್ನೇ ಇದ್ದೆ. ಆದರೆ ಅಕ್ಕ, ಹೋದ ವಾರ ದಾರದ ಏಜೆಂಟ್ ಹೇಳಿದ, ಆ ಮನುಷ್ಯ ತಾನು ಕೆಲಸಕ್ಕಿದ್ದ ಅಂಗಡಿ ಯಜಮಾನರ ಮಗಳನ್ನೇ ಮದುವೆ ಆಗಿದ್ದಾನಂತೆ. ಆಗಲೇ ಮಗು ಇದೆಯಂತೆ. ನನ್ನ ಬಾಯಿಂದ ಅವರಿಗೆ ಹೇಳಿದ್ರೆ ನನ್ನ ಲಾಭಕ್ಕೆ ಹೇಳ್ದ ಹಾಗಾಗತ್ತೆ. ನೀವು ನೋಡಿ.”

ಓದಕ್ಕನ ಕಣ್ಣಮುಂದೆ ತಂಗಿಯ ಮುಖ ಬಂತು. ಅದರ ಹಿಂದೆಯೇ ಒಂದು ಆಸೆಯೂ ಹುಟ್ಟಿತು. ಈ ಮನುಷ್ಯನನ್ನು ಅವಳು ವರ್ಷಗಳಿಂದ ನೋಡಿದ್ದಳು. ಬಟ್ಟೆಗೆ ಕತ್ತರಿ ಇಡುವ ಮೊದಲು ಅಂಗೈಯಿಂದ ಒಮ್ಮೆ ಸವರುವವನು, ಬೆಕ್ಕಿನ ಬೆನ್ನು ಸವರಿದ ಹಾಗೆ. ತಂಗಿ ಇವನ ಮನೆಗೆ ಹೋದರೆ ತಾನು ಕಣ್ಣು ಮುಚ್ಚಿ ನಿದ್ದೆ ಮಾಡಬಹುದು.

ಮನೆಗೆ ಹೋಗಿ ಒಣಗಿದ ಬಟ್ಟೆಗಳನ್ನು ಇಬ್ಬರೂ ಮಡಿಸುತ್ತಿರುವಾಗ ಮಾತು ತೆಗೆದಳು. ಏಜೆಂಟನ ಸುದ್ದಿಯನ್ನೂ ಹೇಳಿದಳು. ತಂಗಿ ಹಾಸಿಗೆಯ ಹೊದಿಕೆಯ ಎರಡು ತುದಿ ಹಿಡಿದು ನಿಂತೇ ಇದ್ದಳು.

“ಏಜೆಂಟ್ ಕಣ್ಣಾರೆ ನೋಡಿದ್ನಂತಾ?”

“ಯಾರೋ ಹೇಳಿದ್ರಂತೆ.”

“ಯಾರೋ ಹೇಳಿದ್ದು ತಾನೇ. ಅಕ್ಕ, ಆ ವಕೀಲರ ಮಗಳಿಗೂ ಊರೆಲ್ಲ ಬಂದು ಹೇಳ್ತು, ನಿನ್ನ ದೀಪದಂಗಡಿಯವನು ಅಲ್ಲೇ ನೆಲೆ ನಿಂತ ಅಂತ. ಅವಳು ನಂಬಿದ್ಲಾ? ನಂಬಿಬಿಟ್ಟಿದ್ರೆ ಪೆಟ್ಟಿಗೇಲಿಟ್ಟ ಆ ಶಾಲು ಯಾರಿಗೆ ಹೊದೆಸ್ತಿದ್ದ ಅವನು?”

“ಅದು ಕಥೆ ಕಣೇ ಪುಟ್ಟಿ.”

“ಕಥೆ ಆದ್ರೇನು. ಬರೆದೋರು ಯಾರನ್ನೋ ನೋಡೇ ಬರೆದಿರ್ತಾರೆ. ಅಷ್ಟೊಳ್ಳೇ ಮನುಷ್ಯನನ್ನ ಸುಮ್ನೆ ಕೂತು ಕಟ್ಟಕ್ಕಾಗತ್ತಾ?” ಎಂದು ತಂಗಿ ಹೊದಿಕೆಯನ್ನು ಜಾಡಿಸಿದಳು. “ಮಾಸ್ಟರ್ ಒಳ್ಳೆಯವರು. ಅವರಿಗೆ ನಾನು ಬೇಡ ಅಂದೆ ಅಂತ ಹೇಳು. ಬೇಜಾರಾಗದ ಹಾಗೆ ಹೇಳು.”

ಅಕ್ಕ ಹೊದಿಕೆಯ ಇನ್ನೆರಡು ತುದಿ ಹಿಡಿದುಕೊಂಡಳು. ಯಾರನ್ನು ನೋಡಿ ಬರೆದದ್ದು? ಆ ಶಾಲನ್ನು ಮಡಿಸಿಡುವ ಕೈ, ಜ್ವರದಲ್ಲಿ ಹೆಸರು ಹಿಡಿದು ಕರೆಯುವ ಬಾಯಿ, ಬೀದಿಯಲ್ಲಿ ನಿಂತು ಕಿಟಕಿ ನೋಡುವ ಕಣ್ಣು ಎಲ್ಲವೂ ಅವಳವೇ. ಈ ಮಗುವಿಗೆ ಹಾಲು ಆರಿಸಿ ಕೊಟ್ಟ ಕೈ, ಈ ಮಗುವಿನ ಮೈ ಬಿಸಿಯಾದಾಗ ಬೆಳಗಿನವರೆಗೆ ಕೂತ ಕಣ್ಣು. ತನ್ನಲ್ಲಿದ್ದದ್ದನ್ನೆಲ್ಲ ತೆಗೆದು ಒಬ್ಬ ಊರಾಚೆಯ ಗಂಡಸಿಗೆ ತೊಡಿಸಿದ್ದಳು; ಈಗ ತಂಗಿಗೆ ಆ ಗಂಡಸೇ ಕಾಣುತ್ತಿದ್ದ.

ಮರುದಿನ ಓದಕ್ಕ ಗಟ್ಟಿ ಮನಸ್ಸು ಮಾಡಿದಳು. ನಡುವಿನದನ್ನೆಲ್ಲ ಬಿಟ್ಟು ಕೊನೆಯ ಅಧ್ಯಾಯಕ್ಕೆ ಬಂದು, ಇದ್ದದ್ದನ್ನು ಇದ್ದ ಹಾಗೆ ಓದತೊಡಗಿದಳು. ಅವನು ಸಿರಿವಂತನಾಗಿ ಊರಿಗೆ ಬರುತ್ತಾನೆ. ಜೊತೆಗೆ ಹಡಗಿನ ಒಡೆಯನ ಮಗಳು, ಅವನ ಹೆಂಡತಿ. ಗಾಡಿ ಆ ಹಳೆಯ ಬೀದಿಗೆ ತಿರುಗುತ್ತದೆ. ಕಿಟಕಿಯಲ್ಲಿ ಅವಳು ಕೂತಿದ್ದಾಳೆ, ತಲೆ ಅರ್ಧ ನೆರೆತಿದೆ. ಅವನು ನೋಡುತ್ತಾನೆ, ಗುರುತು ಹಿಡಿಯುತ್ತಾನೆ. ಗಾಡಿಯವನಿಗೆ, ಬೇಗ ಹೊಡಿ, ಈ ಬೀದಿಯಲ್ಲಿ ಧೂಳು ಬಹಳ ಎನ್ನುತ್ತಾನೆ.

ಕೋಣೆಯಲ್ಲಿ ಬಟ್ಟೆ ಸೀದ ವಾಸನೆ ಬಂತು. ಇಸ್ತ್ರಿಯವಳು ಅಂಗಿಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತಿದ್ದಳು. ತಟ್ಟನೆ ಎತ್ತಿಕೊಂಡು, “ಇದೇನು ಓದಿದೆ ನೀನು?” ಎಂದಳು.

“ಇರೋದನ್ನೇ ಓದಿದೆ.”

“ಇರಕ್ಕೆ ಸಾಧ್ಯ ಇಲ್ಲ. ಅವನು ಅಂಥವನಲ್ಲ.”

“ದುಡ್ಡು ಬಂದ ಮೇಲೆ ಮನುಷ್ಯರು ಬದಲಾಗ್ತಾರೆ,” ಎಂದಳು ಓದಕ್ಕ.

“ಯಾರು ಬೇಕಾದ್ರೂ ಬದಲಾಗಲಿ, ಅವನು ಆಗಲ್ಲ,” ಎಂದು ಗುಂಡಿ ಅಜ್ಜಿ ತುಟಿಯ ಗುಂಡಿಗಳನ್ನೆಲ್ಲ ಅಂಗೈಗೆ ಉಗುಳಿಕೊಂಡಳು. ಅವಳು ಹಾಗೆ ಮಾಡಿದಳೆಂದರೆ ಮಾತು ಗಂಭೀರ ಎಂದರ್ಥ. “ಜ್ವರದಲ್ಲಿ ಹೆಸರು ಹಿಡಿದು ಕನವರಿಸ್ದೋನು. ಜ್ವರದಲ್ಲಿ ಯಾರೂ ನಾಟಕ ಆಡಲ್ಲ. ಅಂಥವನು ಧೂಳು ಅಂತಾನಾ? ಇರಲಿ, ಆ ಶಾಲು ಏನಾಯ್ತು, ಅದನ್ನ ಓದು.”

ಓದಕ್ಕ ಪುಟದ ಮೇಲೆ ಬೆರಳಾಡಿಸಿದಳು. ತಿರುಗಿಸಲು ಮುಂದೆ ಪುಟವಿರಲಿಲ್ಲ. ಅದೇ ಕೊನೆಯ ಪುಟ. “ಶಾಲಿನ ವಿಷಯ ಇಲ್ಲ ಅಜ್ಜಿ.”

“ಇಲ್ವಾ? ಅಷ್ಟು ದಿನ ಪೆಟ್ಟಿಗೇಲಿಟ್ಟು, ನುಸಿ ಹಿಡೀತಾ ಅಂತ ತೆಗೆದು ತೆಗೆದು ನೋಡಿ, ಕೊನೇಲಿ ಬರೆದೋನು ಮರೆತುಬಿಟ್ನಾ? ಒಂದು ಗುಂಡಿ ಬಿಟ್ಟು ಅಂಗಿ ಕಳಿಸಿದ್ರೆ ನಮಗೇ ಬೈತಾರೆ. ಪುಸ್ತಕ ಬರೆಯೋನು ಶಾಲು ಮರೀತಾನಾ?”

ಎಲ್ಲರೂ ತಲೆದೂಗಿದರು. ಓದಕ್ಕ ಕಣ್ಣೆತ್ತಿ ತಂಗಿಯನ್ನು ನೋಡಿದಳು. ತಂಗಿಯ ಮುಖದಲ್ಲಿ ಅಳು ಇರಲಿಲ್ಲ. ಅಕ್ಕನನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ಎದ್ದು ಬಂದಳು, ಅಕ್ಕನ ಮಡಿಲಿಂದ ಪುಸ್ತಕ ಎತ್ತಿಕೊಂಡಳು, ತೆರೆದ ಪುಟ ಮುಚ್ಚಿಹೋಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮೂಲೆಯ ಉದ್ದನೆಯ ಮೇಜಿಗೆ ನಡೆದಳು.

“ಮಾಸ್ಟರ್, ನಿಮಗೆ ಓದಕ್ಕೆ ಬರತ್ತಲ್ಲ. ಇದನ್ನ ಓದಿ. ಅಕ್ಕ ಓದಿದ್ದೇ ಇದೆಯಾ ಹೇಳಿ.”

ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟು ಕೈ ಒರೆಸಿಕೊಂಡ. ಅವನದು ನಿಧಾನದ ಓದು. ತುಟಿ ಅಲ್ಲಾಡುತ್ತಿತ್ತು, ಸೀಮೆಸುಣ್ಣ ಮೆತ್ತಿದ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಓದಕ್ಕ ಆ ಬೆರಳನ್ನೇ ನೋಡುತ್ತ ಕೂತಿದ್ದಳು. ಇವನು ಓದಿಬಿಟ್ಟರೆ ಮುಗಿಯಿತು. ತಂಗಿ ಒಂದು ವಾರ ಅಳುತ್ತಾಳೆ, ಒಂದು ತಿಂಗಳು ಅಳಲಿ, ಆಮೇಲೆ ಬದುಕುತ್ತಾಳೆ. ಬೆರಳು ಧೂಳಿನ ಸಾಲಿಗೆ ಬಂದು ನಿಂತಿತು. ಅವನು ತಲೆ ಎತ್ತಿ ತಂಗಿಯ ಮುಖ ನೋಡಿದ. ಮತ್ತೆ ಪುಟ ನೋಡಿದ.

“ಗಾಡಿ ನಿಂತಿತು,” ಎಂದು ಓದಿದ. ಬೆರಳು ಮಾತ್ರ ಧೂಳಿನ ಸಾಲಿನಲ್ಲೇ ಇತ್ತು. “ಅವನು ಇಳಿದ. ಪೆಟ್ಟಿಗೆ ತೆಗೆದ. ಶಾಲು... ಶಾಲು ಹಾಗೇ ಇತ್ತು. ತಂದು ಅವಳಿಗೆ ಹೊದೆಸಿದ.” ಪುಸ್ತಕ ಮುಚ್ಚಿದ. “ಅಕ್ಕನಿಗೆ ಸಾಲು ಹಾರಿರಬೇಕು. ಅಕ್ಷರ ಸಣ್ಣದಿದೆ.”

ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. “ನಾನು ಹೇಳ್ಲಿಲ್ವಾ,” ಎಂದು ಗುಂಡಿ ಅಜ್ಜಿ ಗುಂಡಿಗಳನ್ನು ಮತ್ತೆ ತುಟಿಗೆ ಸೇರಿಸಿದಳು. ಇಸ್ತ್ರಿಯವಳು ತೋಳಿನಿಂದ ಕಣ್ಣು ಒರೆಸಿಕೊಂಡಳು. ತಂಗಿ ಮಾತ್ರ ಅಕ್ಕನ ಕಡೆಗೇ ನೋಡುತ್ತಿದ್ದಳು.

ಕೋಣೆ ಖಾಲಿಯಾದ ಮೇಲೆ ಓದಕ್ಕ ಅವನ ಮೇಜಿನ ಹತ್ತಿರ ಹೋದಳು. “ಯಾಕೆ ಹಾಗೆ ಮಾಡಿದ್ರಿ? ನಿಮ್ಮ ಕೈಯಾರೆ ನೀವೇ ಕಳ್ಕೊಂಡ್ರಲ್ಲ.”

ಅವನು ಮೇಜಿನ ಮೇಲಿದ್ದ ಬಟ್ಟೆಚೂರುಗಳನ್ನು ಒಂದು ಕಡೆಗೆ ಗುಡಿಸುತ್ತಿದ್ದ. “ಓದಬೇಕು ಅಂತಲೇ ಬಾಯಿ ತೆಗೆದೆ ಅಕ್ಕ. ಅವರು ನನ್ನ ಬಾಯನ್ನೇ ನೋಡ್ತಾ ನಿಂತಿದ್ರು. ಆಗಲಿಲ್ಲ.” ಚೂರುಗಳನ್ನು ಬುಟ್ಟಿಗೆ ಹಾಕಿ ಕೇಳಿದ: “ನಿಮಗೂ ಹೀಗೇ ಆಗಿದ್ದಾ?”

ಓದಕ್ಕ ಪುಸ್ತಕ ಎತ್ತಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ತಂಗಿ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. “ಮಾಸ್ಟರಿಗೆ ನನ್ನ ಕಟ್ಟಬೇಕು ಅಂತ ಪುಸ್ತಕ ಸುಳ್ಳು ಓದಿದೆಯಲ್ಲ ಅಕ್ಕ,” ಎಂದಳು. “ಪಾಪ, ಅವರಿಗೇ ಸುಳ್ಳು ಬೇಡವಾಯ್ತು.”

“ನಾನು ಇವತ್ತು ಓದಿದ್ದೊಂದೇ ನಿಜ ಪುಟ್ಟಿ. ಅದಕ್ಕೆ ಹಿಂದಿನದೇ ಸುಳ್ಳು. ಶಾಲು, ಜ್ವರ, ಎಲ್ಲ ನಾನೇ ಕಟ್ಟಿದ್ದು.”

ತಂಗಿ ತಿರುಗಿ ನೋಡಿದಳು. ಕೋಪವಿರಲಿಲ್ಲ, ಕನಿಕರವಿತ್ತು. “ನೀನಾ? ನಿನಗೆ ಅದೆಲ್ಲ ಎಲ್ಲಿಂದ ಬರಬೇಕು ಅಕ್ಕ? ನೀನು ಯಾರನ್ನಾದ್ರೂ ಹಾಗೆ ಇಷ್ಟಪಟ್ಟಿದ್ದೀಯಾ?”

ಅನ್ನದ ನೀರು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಇಬ್ಬರೂ ಅದರ ಕಡೆ ಕೈ ಚಾಚಿದರು. ತಂಗಿಯೇ ಮುಚ್ಚಳ ತೆಗೆದಳು.

ಆ ವಾರ ಮುಗಿಯುವುದರೊಳಗೆ ತಂಗಿ ಹೊರಟಳು. ಕಾದದ್ದು ಸಾಕು, ನಾನೇ ಹೋಗಿ ನೋಡುತ್ತೇನೆ, ನಾಚಿಕೆಯಿಂದ ಅವರು ಬರದೆ ಇದ್ದರೆ ನಾನಾದರೂ ಹೋಗಬೇಕಲ್ಲ ಎಂದಳು. ಅಕ್ಕ ಬೈದಳು, ಅತ್ತಳು, ಬಾಗಿಲಿಗೆ ಅಡ್ಡ ನಿಂತಳು. ತಂಗಿ ಅಕ್ಕನ ತೋಳನ್ನು ಮೆಲ್ಲಗೆ ಸರಿಸಿ ದಾಟಿದಳು. ಬಸ್ಸಿಗೆ ಹತ್ತುವ ಮುಂಚೆ ಅಕ್ಕನ ಕುಪ್ಪಸದ ಸಡಿಲವಾದ ಗುಂಡಿಯೊಂದನ್ನು ನೋಡಿ, “ಬಿದ್ದುಹೋಗತ್ತೆ, ಮನೆಗೆ ಹೋಗಿ ಹಚ್ಚಿಕೋ” ಎಂದಳು.

ವಾಪಸ್ಸು ಬರಲಿಲ್ಲ. ಸುದ್ದಿ ಮಾತ್ರ ಬಂತು, ಅದೇ ಏಜೆಂಟನ ಬಾಯಲ್ಲಿ: ಕೆಲಸ ಸಿಕ್ಕಿದೆ, ಚೆನ್ನಾಗಿದ್ದೇನೆ, ಅಕ್ಕ ಹೆದರಬಾರದು.

ಕಟಿಂಗ್ ಮಾಸ್ಟರ್ ಒಂದು ಬೇಸಿಗೆ ಕಳೆಯುವವರೆಗೆ ನೋಡಿ, ತಾಯಿಯ ಒತ್ತಾಯಕ್ಕೆ ಬೇರೆ ಕಡೆ ಮದುವೆಯಾದ. ಮದುವೆಗೆ ಕರೆಯಲು ಬಂದಾಗ ಓದಕ್ಕನ ಮುಖ ನೋಡಲಾರದೆ ಗೋಡೆಯ ಗಡಿಯಾರ ನೋಡುತ್ತ ಕರೆದ. ಮೇಲಿನ ಕೋಣೆಯಲ್ಲಿ ಓದು ನಿಂತುಹೋಗಿತ್ತು. ಹೆಂಗಸರು ಒಂದೆರಡು ಸಲ ಕೇಳಿದರು. ಕಣ್ಣು ಮಂಜಾಗಿದೆ ಎಂದಳು. ಅವಳ ಪಾಲಿನ ಅಂಗಿಗಳನ್ನು ಈಗ ಅವಳೇ ಮುಗಿಸುತ್ತಿದ್ದಳು.

ಒಂದು ರಜೆಯ ದಿನ ಓದಕ್ಕ ವಿಳಾಸ ಕೇಳಿಕೊಂಡು ಆ ದೊಡ್ಡ ಊರಿಗೆ ಹೋದಳು. ಗಾಜಿನ ಬಾಗಿಲಿನ ಯಂತ್ರದ ಅಂಗಡಿ, ಅದರ ಮೇಲೆ ಮೂರು ಅಂತಸ್ತಿನ ಮನೆ. ತಂಗಿ ಇದ್ದದ್ದು ಹಿಂದಿನ ಕೋಣೆಯಲ್ಲಿ. ಒಂದು ಹೊಲಿಗೆ ಯಂತ್ರ, ಒಂದು ಮಂಚ, ಪಕ್ಕದ ಮನೆಯ ಗೋಡೆಗೆ ತೆರೆಯುವ ಕಿಟಕಿ. ಯಂತ್ರದ ಮೇಲೆ ಮಗುವಿನ ಫ್ರಾಕು ಅರ್ಧ ಹೊಲಿದು ಬಿದ್ದಿತ್ತು. ಮನೆಯವರ ಬಟ್ಟೆಯೆಲ್ಲ ಅವಳೇ ಹೊಲಿಯುವುದು. ಕೆಲಸ ಕೊಟ್ಟವಳು ಆ ರಿಪೇರಿ ಹುಡುಗನ ಹೆಂಡತಿ. ಹಳೆಯ ಊರಿನವಳು, ಕೈ ಚೆನ್ನಾಗಿದೆ ಎಂದು ಗಂಡ ಹೇಳಿದ್ದನಂತೆ.

“ನಿನ್ನ ಬಗ್ಗೆ ಅವಳಿಗೆ ಅಷ್ಟೇನಾ ಹೇಳಿದ್ದು?” ಎಂದಳು ಅಕ್ಕ.

“ಇನ್ನೇನು ಹೇಳಬೇಕಿತ್ತು? ಸಂಸಾರ ಇರೋರು.” ತಂಗಿ ಫ್ರಾಕನ್ನು ಮಡಿಲಿಗೆ ಎಳೆದುಕೊಂಡಳು. “ಅಂಗಡಿ ಮುಳುಗ್ತಾ ಇತ್ತಂತೆ ಅಕ್ಕ. ಯಜಮಾನರು ಮಗಳನ್ನ ಮುಂದಿಟ್ಟು ಕೈ ಹಿಡಿದುಕೊಂಡ್ರಂತೆ. ಇವರಿಗೆ ಬೇಡ ಅನ್ನಕ್ಕೆ ಬಾಯಿ ಬರಲಿಲ್ಲ. ಅವರ ಮನಸ್ಸು ಮೆತ್ತಗಲ್ವಾ.”

“ಅವನೇ ಹೇಳಿದ್ನಾ ಇದನ್ನ?”

“ಹೇಳ್ಬೇಕಾ? ಗೊತ್ತಾಗತ್ತೆ.”

ಬಾಗಿಲು ತಳ್ಳಿಕೊಂಡು ಅವನೇ ಒಳಗೆ ಬಂದ. ಮೈ ತುಂಬಿಕೊಂಡಿದ್ದ. ಓದಕ್ಕನನ್ನು ನೋಡಿ ಒಂದು ಕ್ಷಣ ತಡವರಿಸಿ, “ಓ, ಅಕ್ಕ, ಚೆನ್ನಾಗಿದ್ದೀರಾ, ಊಟ ಮಾಡ್ಕೊಂಡು ಹೋಗಿ” ಎಂದ. ತೋಳಿನ ಗುಂಡಿ ಕಿತ್ತುಬಂದಿತ್ತು. ಕೈ ಚಾಚಿ ನಿಂತ. ತಂಗಿ ಎದ್ದು, ಅಂಗಿ ಅವನ ಮೈಮೇಲಿದ್ದ ಹಾಗೇ ಗುಂಡಿ ಹಚ್ಚಿದಳು. ಸೂಜಿ ತಗುಲದ ಹಾಗೆ ಅವನ ಮಣಿಕಟ್ಟಿಗೂ ಬಟ್ಟೆಗೂ ನಡುವೆ ತನ್ನ ಬೆರಳು ಇಟ್ಟುಕೊಂಡಿದ್ದಳು. ಅವನು ಇನ್ನೊಂದು ಕೈಯ ಗಡಿಯಾರ ನೋಡಿಕೊಳ್ಳುತ್ತಿದ್ದ. ದಾರ ಕತ್ತರಿಸಿದ್ದೇ ತಡ, ಹೊರಟ.

ಅವನ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಅಡಗುವವರೆಗೆ ತಂಗಿ ನಿಂತಿದ್ದಳು. “ನೋಡಿದ್ಯಾ,” ಎಂದಳು. “ಮನೇಲಿ ಅಷ್ಟು ಜನ ಆಳುಗಳಿದ್ದಾರೆ. ಗುಂಡಿಗೆ ಇಲ್ಲಿಗೇ ಬರ್ತಾರೆ. ಬಾಯಿಬಿಟ್ಟು ಒಂದು ಮಾತೂ ಆಡಲ್ಲ, ಎಲ್ಲ ಮನಸ್ಸಲ್ಲೇ ಇಟ್ಕೊಳ್ಳೋ ಜಾತಿ.”

ಓದಕ್ಕನಿಗೆ ಆ ಮಾತು ಎಲ್ಲಿಯದೆಂದು ಗೊತ್ತಿತ್ತು. “ನಡಿ ಪುಟ್ಟಿ, ಮನೆಗೆ ಹೋಗೋಣ,” ಎಂದಳು. “ಏನೂ ಕೇಳಲ್ಲ ನಾನು. ಯಾರಿಗೂ ನಿನ್ನ ಕಟ್ಟಲ್ಲ. ಮೊದಲಿನ ಹಾಗೆ ಇಬ್ರೇ ಇರೋಣ.”

ತಂಗಿ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಆಮೇಲೆ ಅಕ್ಕನ ಪಕ್ಕ ಮಂಚದ ಮೇಲೆ ಕೂತು, ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಇಲ್ಲಕ್ಕ. ಇಲ್ಲಿ ದಿನಾ ಕಣ್ಣಿಗೆ ಕಾಣ್ತಾರೆ. ಅಷ್ಟು ಸಾಕು ನನಗೆ. ಅವತ್ತು ನೀನು ಕೊನೇ ಪುಟ ಹಾಗೆ ಓದಿದ್ಯಲ್ಲ,” ಎಂದಳು, “ಅದನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ನನ್ನ ಒಳ್ಳೇದಕ್ಕೆ ಅಂತಲೇ ಸುಳ್ಳು ಹೇಳ್ದೆ ಅಂತ ಗೊತ್ತು. ಅದಕ್ಕೆ ನೀನು ಕೊರಗಬೇಡ.”

ಓದಕ್ಕ ತಂಗಿಯ ಮುಖ ನೋಡಿದಳು. ಆ ಮುಖಕ್ಕೆ ಇನ್ನೊಂದು ಸಲ ನಿಜ ಹೇಳುವ ಶಕ್ತಿ ಅವಳಲ್ಲಿ ಇರಲಿಲ್ಲ.

“ಆಯ್ತು ಕಣೇ,” ಎಂದಳು. “ಕೊರಗಲ್ಲ.”